ಸುಮ್ಮನೆ ಹಾಡಬಾರದ ಹಾಡು

"ಇದನ್ನ ಯಾರ್ರೀ ಇಲ್ಲಿಟ್ಟಿದ್ದು?"

ಮಂಜುಶ್ರೀಯ ಕೂಗಿಗೆ ಸಕಲೇಶಪುರದ ಆ ಹೊಸ ಜನಪದ ಸಾಹಿತ್ಯ ಸಂಗ್ರಹಾಲಯವೇ ಬೆಚ್ಚಿಬಿದ್ದಿತು. ಗುಂಡಿ ಒತ್ತಿ ಹಾಡು ಕೇಳುತ್ತಿದ್ದ ಪ್ರವಾಸಿಗರು ನಗು ನಿಲ್ಲಿಸಿ ಹಿಂದೆ ಸರಿದರು. ಹಾಡು ಮಾತ್ರ ನಿಲ್ಲಲಿಲ್ಲ. ಅದು ಅವಳ ಅವ್ವ ಮಾರಮ್ಮನ ದನಿ!

ಒಳಗಿನಿಂದ ಓಡಿಬಂದವನು ಮೇಲ್ವಿಚಾರಕ ರವಿಚಂದ್ರ. ಆರು ವರ್ಷದ ಹಿಂದೆ ಅವಳ ಪ್ರಾಣವಾಗಿದ್ದವನು.

"ಮಂಜು... ನೀನಾ?"

"ನಾನೇ ಕಣೋ. ನಿನ್ನ ಅಂಗಡಿ ನೋಡಾಕೆ ಬಂದೆ!"

ಹಾಳಾದ ಹೃದಯ, ಅವನ ಮುಖ ಕಂಡದ್ದೇ ತಡ ಕುಣಿಯಬೇಕೆ? ನಾಚಿಕೆಯಾಗಬೇಕು ಅದಕ್ಕೆ!

ಪಾಳ್ಯದ ಕಡೆಯ ಅವಳ ಊರಿನಲ್ಲಿ ಈ ಹಾಡನ್ನು ಹೆಣದ ಮುಂದೆ ಮಾತ್ರ ಹಾಡುತ್ತಾರೆ. ಸುಮ್ಮನೆ ಹಾಡಿದರೆ ಸಾವನ್ನು ಮನೆಗೆ ಕರೆದಂತೆ. ಹಾಡು ಸಂಗ್ರಹಿಸಲು ಬಂದಿದ್ದ ರವಿಗೆ ಅದು ಗೊತ್ತಿತ್ತು. ಆದರೂ ಧ್ವನಿಮುದ್ರಿಸಿಕೊಳ್ಳಲು ಒಮ್ಮೆ ಹಾಡಿ ಎಂದು ಗೋಗರೆದ. ಪ್ರೀತಿಯ ಅಮಲಿನಲ್ಲಿ ಮಂಜುಶ್ರೀಯೂ "ಒಂದ್ಸಲ ಹಾಡವ್ವ" ಎಂದು ದುಂಬಾಲು ಬಿದ್ದಳು. ಮಾರಮ್ಮ ಹಾಡಿದಳು. ಒಂಬತ್ತನೇ ದಿನ ಗಂಡ ಜವರಯ್ಯ ಗದ್ದೆಯಲ್ಲೇ ಕುಸಿದು ಸತ್ತ. "ಗಂಡನ್ನ ಹಾಡಿ ಕೊಂದ್ಲು" ಎಂದು ಊರೆಲ್ಲ ಆಡಿಕೊಂಡಿತು.

"ಅಪ್ಪನ ಮಣ್ಣಿಗೂ ನೀನು ಬರ್ಲಿಲ್ಲ."

"ಬಂದಿದ್ದೆ. ನಿಮ್ಮವ್ವ ಬೇಲಿ ತಾವೇ ತಡೆದ್ರು. ಮಗಳ ಕಣ್ಣಿಗೆ ಇನ್ನು ಬೀಳಲ್ಲ ಅಂತ ಆಣೆ ಹಾಕಿಸ್ಕೊಂಡ್ರು."

ಅಯ್ಯೋ! ಆರು ವರ್ಷ ಇವನನ್ನು ಶಪಿಸಿದ್ದೆಲ್ಲ ಸುಳ್ಳಿಗಾ? ಅವ್ವ ಒಂದು ದಿನವೂ ಬಾಯಿಬಿಡಲಿಲ್ಲವಲ್ಲ!

"ಆದ್ರೂ ಇದನ್ನ ಕಂಡೋರಿಗೆಲ್ಲ ಕೇಳ್ಸ್ತಾ ಇದೀಯಲ್ಲ?"

"ಅಂಥ ದನಿ ಮುಚ್ಚಿಡಾಕೆ ಮನಸ್ಸಾಗ್ಲಿಲ್ಲ ಮಂಜು..."

"ಹೋದ ತಿಂಗ್ಳು ಅವ್ವನೂ ಹೋಗ್ಬುಟ್ಲು. 'ಆ ಹಾಡು ಅಳಿಸ್ಬುಡು ಮಗಾ' ಅಂತಾನೇ ಕಣ್ಮುಚ್ಚಿದ್ಲು. ಅಳ್ಸು!"

ರವಿ ಬಿಳಿಚಿಕೊಂಡ. "ಅವ್ರ ದನಿ ನಿನ್ನತ್ರ ಬೇರೆ ಐತಾ?"

"ಇಲ್ಲ."

"ಇಲ್ಲಿರೋದೂ ಇದೊಂದೇ ಕಣೇ. ಹೋದ್ರೆ ಹೋಯ್ತು..."

"ಗೊತ್ತು."

ಕಂಪ್ಯೂಟರ್ ಮುಂದೆ ಅವನ ಕೈ ಏಳಲಿಲ್ಲ. ಅವಳು ಒಮ್ಮೆ ಪೂರ್ತಿ ಕೇಳಿದಳು. ಆಮೇಲೆ ತಾನೇ ಅಳಿಸಿದಳು. ಅವ್ವ ಎರಡನೇ ಸಲ ಸತ್ತಳು.

"ನಾನು ಈಗ್ಲೂ ನಿನ್ನನ್ನೇ..."

"ನಂಗೂ ನೀನೇ ಬೇಕು ಕಣೋ. ಅದಕ್ಕೇ ನನ್ಮೇಲೆ ನಂಗೆ ಅಸಹ್ಯ!" ಅವಳು ಬಿಕ್ಕಿದಳು. "ಗಂಡನ್ನ ಕೊಂದೋಳು ಅಂತ ಅವ್ವನ ಹೆಣದ ಮುಂದೆ ಒಬ್ಬಳೂ ಹಾಡ್ಲಿಲ್ಲ. ನಂಗೆ ಹಾಡೇ ಬರಲ್ಲ..."

"ನಂಗೆ ಬರ್ತದೆ. ಆರು ವರ್ಷ ಅದನ್ನೇ ಕೇಳಿದೀನಿ. ಮಣ್ಣು ಮಾಡಿದ ಜಾಗಕ್ಕೆ ಕರ್ಕೊಂಡು ಹೋಗ್ತೀಯಾ?"

"ಬಾ. ಮೊದ್ಲು ಅವ್ವಂಗೆ ತಪ್ಪಾಯ್ತು ಅನ್ಬೇಕು ನೀನು."

"ನೀನೂ ಅನ್ಬೇಕಲ್ಲ ಮಂಜು?"

ಅವಳು ಅವನ ಕೈ ಹಿಡಿದಳು.

"ಹೂಂ... ಇಬ್ರೂ ಅನ್ನೋಣ."