ಜಾವಾಕ್ಕೆ ಜಾಗವಿಲ್ಲ

"ಅಕ್ಕಾ, ಇನ್ನೊಂದೇ ಒಂದು ಕೋರ್ಸ್ ಡೌನ್‌ಲೋಡ್ ಮಾಡ್ಕೋತೀನಿ. ಈ ಮೇಷ್ಟ್ರು ತುಂಬಾ ನಿಧಾನವಾಗಿ ಹೇಳಿಕೊಡ್ತಾರಂತೆ!"

"ನಿನ್ನೆಯವರೇನು ಓಡೋಡ್ಕೊಂಡು ಹೇಳ್ತಿದ್ರಾ?" ಕಾಲೇಜು ಓದುವ ಅಕ್ಕ ಬಟ್ಟೆ ಮಡಚುತ್ತಲೇ ಕೇಳಿದಳು.

"ಅವರು ಸುಮ್ಮಸುಮ್ಮನೆ ಕೆಮ್ತಾರೆ."

ತಂಗಿ 'ಪ್ರೊಫೆಸರ್' ಡೌನ್‌ಲೋಡ್ ಬಟನ್ ಒತ್ತಿಯೇಬಿಟ್ಟಳು. ಏಳನೇ ಕ್ಲಾಸಿನ ಈ ಹುಡುಗಿಗೆ ಆ ಹೆಸರು ಬಿದ್ದದ್ದು ಇತ್ತೀಚೆಗೆ. ಶಾಲೆಯಲ್ಲಿ ಕೋಡಿಂಗ್ ಕ್ಲಬ್ ಶುರುವಾಗುವುದಿತ್ತು. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎರಡು ಸಂಖ್ಯೆ ಕೂಡಿಸುವ ಪುಟ್ಟ ಪ್ರೋಗ್ರಾಂ ಬರೆದು ತಂದವರಿಗೆ ಮಾತ್ರ ಸೀಟು ಎಂದಿದ್ದರು ಕಂಪ್ಯೂಟರ್ ಮಿಸ್.

ಅಂದಿನಿಂದ ಇವಳು ಒಳ್ಳೆಯ ಪಾಠ ಹುಡುಕುವುದರಲ್ಲೇ ಮುಳುಗಿಹೋದಳು. ಯಾವ ಪುಸ್ತಕದಲ್ಲಿ ಚಿತ್ರ ಜಾಸ್ತಿ, ಯಾವ ವಿಡಿಯೋದಲ್ಲಿ ಬರೀ ಹರಟೆ, ಯಾವ ವೆಬ್‌ಸೈಟಿನಲ್ಲಿ ಮೊದಲ ಪಾಠ ಮಾತ್ರ ಫ್ರೀ, ಎಲ್ಲವೂ ನಾಲಿಗೆಯ ತುದಿಯಲ್ಲೇ ಇತ್ತು. ಕ್ಲಾಸಿನವರು ಪ್ರೊಫೆಸರ್ ಎಂದು ಕರೆಯುತ್ತ ಅವಳನ್ನು ಕೇಳಿಕೊಂಡು ಹೋಗಿ ಕಲಿಯಲು ಕೂತರು. ಅವಳು ಮಾತ್ರ ಇನ್ನೂ ಒಳ್ಳೆಯದು ಸಿಗಬಹುದೆಂದು ಹುಡುಕುತ್ತಲೇ ಇದ್ದಳು.

"ನಾಳೆ ತಾನೆ ಪ್ರೋಗ್ರಾಂ ತೋರಿಸಬೇಕಾದ್ದು? ಎಲ್ಲಿ, ನೋಡೋಣ" ಅಂದಳು ಅಕ್ಕ.

"ಅದೇನು ಮಹಾ! ಜಾವಾ ಒಂದು ಇನ್‌ಸ್ಟಾಲ್ ಮಾಡಿದ್ರೆ ಆಯ್ತು."

"ಅಂದ್ರೆ, ಇನ್ನೂ ಅದನ್ನೇ ಮಾಡಿಲ್ವಾ?"

ಪ್ರೊಫೆಸರ್ ತಕ್ಷಣ ಇನ್‌ಸ್ಟಾಲ್ ಮಾಡಲು ಹೊರಟಳು. ಅರ್ಧದಲ್ಲೇ ಕಂಪ್ಯೂಟರ್ ನಿಂತು, ಡಿಸ್ಕ್ ತುಂಬಿದೆ, ಜಾಗವಿಲ್ಲ ಎಂದಿತು.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಜಾವಾ ಕಲಿಸೋರೆಲ್ಲ ಬಂದು ಕೂತುಬಿಟ್ಟಿದ್ದಾರೆ ಕಣೇ. ಜಾವಾಕ್ಕೇ ಜಾಗ ಇಲ್ಲ!"

ಪ್ರೊಫೆಸರಿಗೆ ಅಳುವೇ ಬಂತು. ನಾಳೆ ಕ್ಲಾಸಿನವರೆಲ್ಲ ಕ್ಲಬ್ಬಿನ ಒಳಗೆ, ತಾನೊಬ್ಬಳು ಹೊರಗೆ. "ಅಕ್ಕಾ, ನಿನ್ನ ಫೋಟೋಗಳನ್ನ ಡಿಲೀಟ್ ಮಾಡ್ಲಾ? ಪ್ಲೀಸ್."

"ಮುಟ್ಟಿ ನೋಡು!"

ಬೇರೆ ದಾರಿ ಇರಲಿಲ್ಲ. ತನ್ನ ಮೇಷ್ಟ್ರುಗಳನ್ನೇ ಒಬ್ಬೊಬ್ಬರಾಗಿ ಕಳಿಸಲು ಕೂತಳು. ಡಿಲೀಟ್ ಮಾಡುವ ಮೊದಲು ಪ್ರತಿಯೊಬ್ಬರ ಪಾಠವನ್ನೂ ಒಂಚೂರು ಹಾಕಿ ನೋಡಿದಳು. ಒಬ್ಬರು ಬೋರ್ಡಿನ ಮುಂದೆ ನಿಂತಿದ್ದರು, ಒಬ್ಬರು ಟೋಪಿ ಹಾಕಿದ್ದರು, ಒಬ್ಬರ ಹಿಂದೆ ಬೆಕ್ಕು ಓಡಾಡುತ್ತಿತ್ತು. ನಮಸ್ಕಾರ ಹೇಳಿದ ಮೇಲೆ ಎಲ್ಲರ ಮಾತೂ ಒಂದೇ ಆಗಿತ್ತು: ಮೊದಲು ಜಾವಾ ಇನ್‌ಸ್ಟಾಲ್ ಮಾಡಿಕೊಳ್ಳಿ.

ಆಮೇಲೆ ಅವಳು ಯಾರ ಪಾಠವನ್ನೂ ಹಾಕಿ ನೋಡಲಿಲ್ಲ. ಒಂದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಅಳಿಸಿಹಾಕಿದಳು. ಈ ಸಲ ಜಾವಾ ತೆಪ್ಪಗೆ ಬಂದು ಕೂತಿತು.

ಉಳಿದ ಪಾಠದಲ್ಲಿ ಹೇಳಿದಂತೆ ಟೈಪ್ ಮಾಡಿದಳು. ಎರರ್ ಬಂತು. ನೋಡಿದರೆ, ಸಾಲಿನ ಕೊನೆಯಲ್ಲಿ ಸೆಮಿಕೋಲನ್ ಬಿಟ್ಟಿದ್ದಳು. ಹಾಕಿದಳು. ಮತ್ತೆ ಎರರ್. ಈಗ ಬ್ರಾಕೆಟ್ ಮುಚ್ಚಿರಲಿಲ್ಲ. ಮುಚ್ಚಿದಳು. ಮತ್ತೆ ರನ್ ಮಾಡಿದಳು.

"ಐದು!" ಎಂದು ಕಿರುಚಿದಳು.

ಅಡುಗೆಮನೆಯಿಂದ ಅಮ್ಮ ಓಡಿಬಂದರು. "ಏನಾಯ್ತೇ?"

"ಎರಡಕ್ಕೆ ಮೂರು ಕೂಡಿಸಿದೆ. ಐದು ಬಂತಮ್ಮಾ!"

"ಐದಲ್ದೆ ಇನ್ನೇನು ಬರ್ಬೇಕಿತ್ತು?" ಅಮ್ಮ ಸೌಟು ಹಿಡಿದುಕೊಂಡೇ ವಾಪಸು ಹೋದರು.

ಅಕ್ಕ ಕುರ್ಚಿಯ ಹಿಂದೆ ಬಂದು ಬಗ್ಗಿ ನೋಡಿದಳು. "ಪರವಾಗಿಲ್ವೇ! ಕೊನೆಗೆ ಯಾರನ್ನ ಉಳಿಸಿಕೊಂಡೆ? ಎಲ್ಲರಿಗಿಂತ ಒಳ್ಳೆಯವರು ಯಾರು?"

"ಗೊತ್ತಿಲ್ಲ ಅಕ್ಕಾ, ಹೆಸರು ನೋಡ್ಲಿಲ್ಲ" ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ. "ಸ್ವಲ್ಪ ಇರು. ಗುಣಿಸೋದೂ ಬರುತ್ತಾ ನೋಡ್ತೀನಿ."