ಮತ್ತೆ ಕೂತ ಗಾಲಿಕುರ್ಚಿ

"ಗಟ್ಟಿಯಾಗಿ ಹಿಡ್ಕೊಳ್ಳಿ, ಎತ್ತುತ್ತೀನಿ..."

ಸುಲಗ್ನಾ ಬೇಡ ಅನ್ನುವಷ್ಟರಲ್ಲಿ ಆ ಯುವಕ ಅವಳನ್ನು ಗಾಲಿಕುರ್ಚಿ ಸಮೇತ ಮೆಟ್ಟಿಲು ಹತ್ತಿಸಿಬಿಟ್ಟಿದ್ದ. ಕಟಕ್‌ನ ಆ ಇಕ್ಕಟ್ಟು ಗಲ್ಲಿಯಲ್ಲಿ, ಮೊಸರುವಡೆಯ ಮೇಲೆ ಆಲೂಗಡ್ಡೆ ಗೊಜ್ಜು ಸುರಿದು ಕೊಡುವ ದಹಿಬರ-ಆಲೂದಮ್ ಅಂಗಡಿ ಅವನದೇ. ಹೆಸರು ದೀನಬಂಧು. ಬೆವರು ಒರೆಸಿಕೊಂಡು, ಖಾರ ಜಾಸ್ತಿ ಬೇಕಾ ಕಡಿಮೆಯಾ ಎಂದಷ್ಟೇ ಕೇಳಿದ. ಕಾಲಿಗೇನಾಯ್ತು ಎಂದು ಕೇಳಲಿಲ್ಲ. ಬೆಳಗಿನಿಂದ ಅದನ್ನು ಕೇಳದವನು ಅವನೊಬ್ಬನೇ!

ಅವಳ ಕಾಲಿಗೆ ಏನೂ ಆಗಿರಲಿಲ್ಲ.

ಅವಳು ಆಕ್ಯುಪೇಷನಲ್ ಥೆರಪಿ ಓದುತ್ತಿದ್ದಳು. ಲಕ್ವ ಹೊಡೆದವರಿಗೆ, ಪೆಟ್ಟು ತಿಂದವರಿಗೆ ಉಣ್ಣುವುದನ್ನು, ಗುಂಡಿ ಹಾಕಿಕೊಳ್ಳುವುದನ್ನು ಮತ್ತೆ ಕಲಿಸುವ ವಿದ್ಯೆ. ನರ, ಸ್ನಾಯು, ಮನಸ್ಸು ಎಲ್ಲ ಪುಸ್ತಕದಲ್ಲಿ ಓದಿಯಾಗಿತ್ತು. ಇನ್ನು ರೋಗಿಯ ಪಾಡು ತಿಳಿಯಲು ಒಂದು ದಿನ ಗಾಲಿಕುರ್ಚಿಯಲ್ಲಿ ಊರು ಸುತ್ತಿ ಬನ್ನಿ, ಏನೇ ಆದರೂ ಏಳಬೇಡಿ, ಯಾರಿಗೂ ನಿಜ ಹೇಳಬೇಡಿ ಎಂದು ಮೇಡಂ ಕಳಿಸಿದ್ದರು.

ಮುಂದಿನ ವಾರ ಅವನಿಗೆ ನಿಜ ಹೇಳಲೆಂದೇ ನಡೆದು ಹೊರಟಳು. ಗಲ್ಲಿಯ ತಿರುವಿನಲ್ಲೇ ಹೆಜ್ಜೆ ನಿಂತುಹೋಯಿತು. ಮೆಟ್ಟಿಲ ಪಕ್ಕ ಹಸಿ ಸಿಮೆಂಟಿನ ಇಳಿಜಾರು... ದೀನಬಂಧು ಮಂಡಿಯೂರಿ ಅದನ್ನು ನುಣುಪು ಮಾಡುತ್ತಿದ್ದ.

'ನನಗೋಸ್ಕರ!'

ಹಾಗೇ ಹಿಂದಿರುಗಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮೇಡಂಗೆ ಏನೋ ನೆಪ ಹೇಳಿ ಕುರ್ಚಿ ಪಡೆದು, ಮತ್ತೆ ಅದರಲ್ಲಿ ಕೂತು ಹೋದಳು. ಆಮೇಲೆ ಇನ್ನೊಮ್ಮೆ, ಮತ್ತೊಮ್ಮೆ... ಅವನು ಅವಳಿಗೆಂದೇ ಬಿಸಿ ಆಲೂದಮ್ ಎತ್ತಿಡುತ್ತಿದ್ದ. ಇತ್ತ ಆಸ್ಪತ್ರೆಯ ವಾರ್ಡಿನಲ್ಲಿ ನಿಜಕ್ಕೂ ನಡೆಯಲಾರದವರ ಮುಖ ನೋಡುವುದಕ್ಕೇ ಅವಳಿಗೆ ನಾಚಿಕೆ.

ಕೊನೆಗೊಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಲ್ಲಿ, ಅವನೆದುರೇ ಕುರ್ಚಿಯಿಂದ ಎದ್ದು ನಿಂತಳು. ಅಳುತ್ತಲೇ ಎಲ್ಲ ಹೇಳಿದಳು.

ಅವನ ಮುಖ ಕಪ್ಪಿಟ್ಟಿತು. "ಹೋಗಿ" ಎಂದ, ಅಷ್ಟೇ.

ಕೆಲವು ದಿನ ಕಳೆದ ಮೇಲೆ ಕಾಲೇಜಿನ ಗೇಟಿನ ಬಳಿ ಅವನು ನಿಂತಿದ್ದ. ಬೈಯಲು ಬಂದಿದ್ದಾನೆಂದು ಅವಳು ತಲೆ ತಗ್ಗಿಸಿದಳು.

"ನೀವು ಎದ್ದು ನಿಂತಾಗ ನಂಗೆ ಖುಷಿ ಆಗ್ಬೇಕಿತ್ತು. ಭಯ ಆಯ್ತು..." ಎಂದ ದೀನಬಂಧು. "ಕುರ್ಚೀಲಿರೋ ಹುಡುಗಿ, ವಡೆ ಮಾರೋನ್ನ ಬೇಡ ಅನ್ನಲ್ಲ ಅಂತ ಒಳಗೊಳಗೇ ಅಂದ್ಕೊಂಡಿದ್ದೆ. ನಿಮ್ಮದು ಸುಳ್ಳು. ನಂದು ಅದಕ್ಕಿಂತ ಕೀಳು."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಇವನೂ ಬೆಂದಿದ್ದನೇ...

"ಎದ್ದು ನಿಂತ್ರೆ ನೀವು ನನ್ನ ಕಡೆ ನೋಡೋದೇ ಇಲ್ಲ ಅಂತ ನಾನೂ ಹೆದರಿದ್ದೆ," ಎಂದಳು. "ಅದಕ್ಕೇ ಮತ್ತೆ ಮತ್ತೆ ಕೂತೆ."

ಅವನು ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ. ನೋಡಲು ಕತ್ತು ತುಸು ಎತ್ತಬೇಕಾಯಿತು.

"ನೀವು ನನಗಿಂತ ಎತ್ತರ ಇದ್ದೀರಿ."

"ಬೇಜಾರಾ?"

"ಇಲ್ಲ... ಅಭ್ಯಾಸ ಆಗುತ್ತೆ."