ಎಲ್ಲೂರಿನ ಕಾರು, ಕಾರ್ಕಳದ ಭಾವ

“ಯಾರದು ಒಳಗೆ? ಹೊರಗೆ ಬನ್ನಿ.”

ನಳಿನಾಕ್ಷಿಯ ಸ್ವರವೇನೋ ಗಟ್ಟಿಯಾಗಿತ್ತು, ಆದರೆ ಅವಳು ಬಾಗಿಲು ದಾಟಿ ಒಳಗೆ ಹೋಗಲಿಲ್ಲ. ಹದಿಮೂರು ವರ್ಷಗಳಿಂದ ತುಕ್ಕು ಹಿಡಿದು ಎಲ್ಲೂರಿನ ಮನೆಯ ಕೊಟ್ಟಿಗೆಯಲ್ಲಿ ನಿಂತಿದ್ದ ಎಂ.ಜಿ. ಸ್ಪೋರ್ಟ್ಸ್ ಕಾರಿನ ಅಡಿಯಿಂದ ಎರಡು ಕಾಲುಗಳು ಕಾಣುತ್ತಿದ್ದವು.

ಕಾಲುಗಳ ಹಿಂದೆಯೇ ಇಡೀ ಮನುಷ್ಯ ಜಾರಿ ಬಂದ. ಕಾರ್ಕಳದ ಭೋಜ! ತೀರಿಹೋದ ಸೋದರಮಾವನ ಮಗ, ಗ್ಯಾರೇಜಿನಲ್ಲಿ ಮೆಕ್ಯಾನಿಕ್.

1975ರ ಆ ಭಾನುವಾರ, ಮಾವನ ಉತ್ತರಕ್ರಿಯೆಯ ಬೊಜ್ಜ ಮುಗಿದು ತಿಂಗಳೂ ಆಗಿರಲಿಲ್ಲ. ಅವರದು ಅಳಿಯಕಟ್ಟಿನ ಕುಟುಂಬ. ಮಾವನ ಸೊತ್ತು ಹೋಗುವುದು ಮಗನಿಗಲ್ಲ, ಸೋದರಿಯ ಮಕ್ಕಳಿಗೆ. ಅಂದರೆ ನಳಿನಾಕ್ಷಿಗೆ ಮತ್ತು ಅವಳ ಅಕ್ಕ ನರ್ಮದಾಳಿಗೆ.

“ಭಾವ, ಈ ಕಾರು ಮನೆಯದ್ದು. ನಿಮಗೆ ಬರುವುದಿಲ್ಲ.”

ಹೇಳಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು.

“ಗೊತ್ತುಂಟು. ನಾನು ಕೇಳಲಿಕ್ಕೆ ಬಂದದ್ದಲ್ಲ, ಸರಿ ಮಾಡಲಿಕ್ಕೆ ಬಂದದ್ದು.”

“ಎಂತಕ್ಕೆ?”

“ಅಪ್ಪ ಇದ್ದದ್ದು ಇಲ್ಲಿ, ನಾವು ಇದ್ದದ್ದು ಅಮ್ಮನ ಮನೆಯಲ್ಲಿ. ಒಂದೇ ಒಂದು ಸಲ ನನ್ನನ್ನು ಇದರಲ್ಲಿ ಕೂರಿಸಿ ಕಾಪುವಿನ ಕಡಲ ತೀರಕ್ಕೆ ಕರಕೊಂಡು ಹೋಗಿದ್ದರು. ಆ ದಿನ ಪೂರ್ತಿ ಅವರು ನನ್ನ ಅಪ್ಪ ಆಗಿದ್ದರು.” ಅವನು ಕೈಯ ಎಣ್ಣೆ ಒರಸಿಕೊಂಡ. “ಇದು ಹೀಗೆ ಪುಡಿಯಾಗಿ ಹೋಗುವುದನ್ನು ನೋಡಲಿಕ್ಕೆ ಆಗುವುದಿಲ್ಲ.”

ನಳಿನಾಕ್ಷಿ ಬೆಳಕಿಗೆಂದು ಕೊಟ್ಟಿಗೆಯ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಳು.

ಮಳೆಗಾಲ ಬಿಟ್ಟು ಉಳಿದ ಭಾನುವಾರಗಳಲ್ಲಿ ಅವನು ಬಂದ. ಒಂದೆರಡಲ್ಲ, ಐದು ವರ್ಷ! ಕಡಲ ಗಾಳಿಯ ಊರು. ಇವತ್ತು ಕೆರೆದ ತಗಡಿಗೆ ಇವತ್ತೇ ಕೆಂಪು ಪ್ರೈಮರ್ ಬಳಿಯದಿದ್ದರೆ ಮುಂದಿನ ವಾರಕ್ಕೆ ಮತ್ತೆ ತುಕ್ಕು. ಹಾಗಾಗಿ ಒಂದು ದಿನಕ್ಕೆ ಒಂದು ಮೊಳದಷ್ಟೇ ಕೆಲಸ. ಅವನು ಕೆರೆಯುತ್ತಿದ್ದ, ಅವಳು ಬಳಿಯುತ್ತಿದ್ದಳು. ಬಹರೇನಿನಲ್ಲಿ ಕೆಲಸಕ್ಕಿದ್ದ ಕಾಪುವಿನ ಅಲಿಯಬ್ಬ ಅಲ್ಲಿಂದ ಎಂಜಿನ್ನಿನ ಗ್ಯಾಸ್ಕೆಟ್ ತಂದುಕೊಟ್ಟಾಗ ಇಬ್ಬರಿಗೂ ಹಬ್ಬ.

ಎರಡನೆಯ ವರ್ಷಕ್ಕೇ ನಳಿನಾಕ್ಷಿ ಶನಿವಾರ ಸಂಜೆಯಿಂದ ದಾರಿ ಕಾಯತೊಡಗಿದ್ದಳು. ಕಾರು ಬೇಗ ಮುಗಿಯದಿರಲಿ ಎಂದು ಎಲ್ಲೂರಿನ ದೇವರಿಗೆ ಕೈ ಮುಗಿದದ್ದೂ ಉಂಟು. ಪಾಪ, ಆ ದೇವರಿಗೂ ಇಂಥ ಅರ್ಜಿ ಮೊದಲ ಸಲ ಬಂದಿರಬೇಕು.

ಐದನೆಯ ವರ್ಷ ಭೋಜ ಇದ್ದಕ್ಕಿದ್ದಂತೆ ಬದಲಾದ. ಕಾಫಿ ತಂದರೆ “ಅಲ್ಲಿಡು” ಎಂದಷ್ಟೇ. ಮುಖ ಎತ್ತಿ ನೋಡುವುದೂ ಇಲ್ಲ.

‘ಇವರಿಗೆ ಬೇಕಾದದ್ದು ಕಾರು. ನಾನು ಬರೀ ಬಣ್ಣ ಬಳಿಯುವವಳು…’ ಕೊಟ್ಟಿಗೆಯ ಹಿಂದೆ ನಿಂತು ಅವಳು ಅತ್ತಳು.

1981ರ ಫೆಬ್ರವರಿಯಲ್ಲಿ ಕಾರು ಕೆಮ್ಮಿತು, ನಡುಗಿತು, ಕೊನೆಗೆ ಸರಾಗವಾಗಿ ಓಡಿತು. ಭೋಜ ಅಂಗಳದಲ್ಲಿ ಒಂದು ಸುತ್ತು ಹಾಕಿ ನಿಲ್ಲಿಸಿ, ಬೀಗದ ಕೈಯನ್ನು ನರ್ಮದಾಳಿಗೆ ಕೊಟ್ಟ.

“ಇನ್ನು ನನಗೆ ಇಲ್ಲಿ ಕೆಲಸ ಇಲ್ಲ.”

ಗೇಟಿನ ಬಳಿ ನಳಿನಾಕ್ಷಿ ಅಡ್ಡ ನಿಂತಳು. “ನಾನು ಎಂತ ತಪ್ಪು ಮಾಡಿದೆ, ಭಾವ?”

“ನೀನಲ್ಲ. ನಿನ್ನ ಅಕ್ಕ ಹೇಳಿದ್ದು ನನಗೆ ಕೇಳಿಸಿತು. ಅಪ್ಪನಿಂದ ಸಿಗದ ಮನೆಯನ್ನು ತಂಗಿಯ ಕೈ ಹಿಡಿದು ಕಬಳಿಸಲಿಕ್ಕೆ ಬರುತ್ತಿದ್ದಾನೆ ಅಂತ.” ಅವನ ಸ್ವರ ತಗ್ಗಿತು. “ಒಂದು ದಿನ ನೀನೂ ಹಾಗೆ ಯೋಚಿಸಿದರೆ… ನಾನು ತಡಕೊಳ್ಳಲಾರೆ.”

“ಮದುವೆಗೆ ನನ್ನನ್ನು ಕೇಳಬೇಕು ಅಂತ ಇತ್ತಾ?”

“ಮೊದಲ ವರ್ಷದಿಂದಲೂ.”

ಅವಳ ಕಣ್ಣು ತುಂಬಿ ಬಂತು. ಅಲ್ಲಿಂದಲೇ ತಿರುಗಿ ಜಗಲಿಯತ್ತ ಕೂಗಿದಳು. “ಅಕ್ಕಾ, ಮನೆಯಲ್ಲಿ ನನ್ನ ಪಾಲು ನಿನಗೆ. ನಾಳೆಯೇ ಉಡುಪಿಗೆ ಹೋಗಿ ಬರೆದು ಕೊಡುತ್ತೇನೆ.”

“ನನಗಾಗಿ ಮನೆ ಬಿಡಬೇಡ, ನಳಿನಿ.”

“ಮನೆ ಎಲ್ಲಿಗೆ ಹೋಗುತ್ತದೆ ಭಾವ? ಅದು ಇಲ್ಲೇ ಇರುತ್ತದೆ. ನಿಮ್ಮನ್ನು ಬಿಟ್ಟರೆ ನೀವು ಹೋಗುತ್ತೀರಿ.”

ನರ್ಮದಾ ಅಂಗಳಕ್ಕಿಳಿದು ಬಂದಳು. ಅವಳ ಮುಖ ಸಣ್ಣದಾಗಿತ್ತು. ಬೀಗದ ಕೈಯನ್ನು ಮುಂದೆ ಹಿಡಿದಳು.

“ನಾನು ಹೇಳಿದ್ದು ತಪ್ಪಾಯಿತು. ಈ ಕಾರಾದರೂ ತಗೋ ಮಾರಾಯ.”

ಐದು ವರ್ಷದ ಭಾನುವಾರಗಳೆಲ್ಲ ಆ ಬೀಗದ ಕೈಯಲ್ಲಿದ್ದವು. ಭೋಜ ಕಾರಿನ ಕಡೆ ಒಮ್ಮೆ ನೋಡಿದ, ತುಂಬ ಹೊತ್ತು ನೋಡಿದ.

“ಬೇಡ. ಇಲ್ಲಿಂದ ನಾನು ಕರಕೊಂಡು ಹೋಗುವುದು ಇವಳನ್ನು ಮಾತ್ರ.”

ನಳಿನಾಕ್ಷಿ ಸೆರಗಿನಲ್ಲಿ ಕಣ್ಣೊರಸಿಕೊಂಡಳು.

“ಹಾಗಾದರೆ ಮದುವೆಯ ದಿನ ಕಾರ್ಕಳಕ್ಕೆ ಬಸ್ಸಿನಲ್ಲೇ?”

“ಬಸ್ಸಿನಲ್ಲೇ. ಕಿಟಕಿಯ ಸೀಟು ನಿನಗೆ.”

“ಸಾಕು,” ಎಂದಳು ಅವಳು.